ಮುದ್ದೆಬೆಕ್ಕಿನ ಮುಖಕ್ಕೆ ಹೆಬ್ಬೆರಳು ಒತ್ತಿದ ಪ್ರಕರಣ

ಹಾಲ್ಕುರಿಕೆ
ದಿನಾಂಕ: ಜುಲೈ 3, ಗುರುವಾರ

ಇಂದ,
ಶ್ರೀರಂಗಯ್ಯ ಬಿನ್ ಲೇಟ್ ದೊಡ್ಡರಂಗಯ್ಯ, ವಯಸ್ಸು 69,
ನಿವೃತ್ತ ಪ್ರಥಮ ದರ್ಜೆ ಸಹಾಯಕ,
ಹಾಲಿ ಊಟದ ಸ್ಥಳ: ಪಡಸಾಲೆ, ಟೀವಿ ಮುಂದೆ,
ಹಾಲ್ಕುರಿಕೆ, ತಿಪಟೂರು ತಾಲ್ಲೂಕು.

ಗೆ,
ಶ್ರೀಮತಿ ಸುಷ್ಮಿತಾ ಕೋಂ ರವೀಂದ್ರ,
ಸಕ್ಷಮ ಪ್ರಾಧಿಕಾರ, ಅಡುಗೆಮನೆ,
ಅದೇ ಮನೆ, ಪಡಸಾಲೆಯಿಂದ ಹದಿನಾಲ್ಕು ಹೆಜ್ಜೆ ಒಳಕ್ಕೆ.

ಮಾನ್ಯರೇ,

ವಿಷಯ: ಮೊಮ್ಮಗಳು ಕುಮಾರಿ ಯೋಗಿತಾಳ ಎದುರು ಕೂತು ಊಟ ಮಾಡಲು ನನಗಿದ್ದ ಅವಕಾಶವನ್ನು ಮರಳಿ ಮಂಜೂರು ಮಾಡುವ ಕುರಿತು.

ಉಲ್ಲೇಖ:
1) ಕಳೆದ ತಿಂಗಳ 22ನೇ ತಾರೀಕು ಭಾನುವಾರ ತಾವು ಸೌಟು ಹಿಡಿದು ನೀಡಿದ ಮೌಖಿಕ ಆದೇಶ.
2) ಅದೇ ದಿನ ಕುಮಾರಿ ಯೋಗಿತಾ ಅಳುತ್ತಾ ನೀಡಿದ ಹೇಳಿಕೆ.
3) ನನ್ನ ಮಗ ರವೀಂದ್ರ ಯಾವ ಅಭಿಪ್ರಾಯವನ್ನೂ ಹೇಳದೆ, ನೀರು ಕುಡಿದು ಬರುತ್ತೇನೆಂದು ಎದ್ದುಹೋಗಿ ಹಿತ್ತಲಲ್ಲಿ ನಕ್ಕ ಶಬ್ದ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ತಾವು ನನ್ನ ಸೊಸೆ. ಬಾಯಿಬಿಟ್ಟು ಕೇಳಿದರೆ ಮುಗಿಯುವ ವಿಷಯಕ್ಕೆ ಈ ಮುದುಕ ಯಾಕೆ ಕಾಗದ ಹಾಳು ಮಾಡುತ್ತಿದ್ದಾನೆ ಎಂದು ತಮಗೆ ಅನ್ನಿಸಬಹುದು. ಮೂವತ್ತಾರು ವರ್ಷ ಕಚೇರಿಯಲ್ಲಿ ಕೂತು ಬೇರೆಯವರ ಅರ್ಜಿ ತೆಗೆದುಕೊಂಡವನು ನಾನು. ಬಾಯಲ್ಲಿ ಕೇಳಲು ಹೋದರೆ ಮಾತು ಮಳೆ-ಬೆಳೆಯ ಕಡೆ ತಿರುಗಿಬಿಡುತ್ತದೆ, ಬರೆಯಲು ಕೂತರೆ ತಿರುಗುವುದಿಲ್ಲ. ಕಾರಣ ಈ ಅರ್ಜಿ.

1. ಸದರಿ ಯೋಗಿತಾಳ ವಯಸ್ಸು ನಾಲ್ಕು ವರ್ಷ ಎರಡು ತಿಂಗಳು. ಆಕೆ ಊಟ ಮಾಡುತ್ತಿರಲಿಲ್ಲ ಎಂಬುದು ನಮ್ಮ ಬೀದಿಗೆಲ್ಲ ಗೊತ್ತಿರುವ ಸಂಗತಿ. ತುತ್ತನ್ನು ದವಡೆಗೆ ಒತ್ತರಿಸಿಕೊಂಡು ಮುಕ್ಕಾಲು ಗಂಟೆ ಕೂರುತ್ತಿದ್ದಳು. ಸೊಪ್ಪು ಕಂಡರೆ ಮಂಚದ ಕೆಳಗೆ, ಕ್ಯಾರೆಟ್ ಕಂಡರೆ ಅಪ್ಪನ ಬೆನ್ನ ಹಿಂದೆ. ನನ್ನ ಹೆಂಡತಿ ತಿಮ್ಮಕ್ಕ ಇರುವವರೆಗೆ ಅವಳೇ ಪುಸಲಾಯಿಸಿ ತಿನ್ನಿಸುತ್ತಿದ್ದಳು. ಕಳೆದ ಕಾರ್ತಿಕದಲ್ಲಿ ಅವಳು ತೀರಿಕೊಂಡ ಕಾರಣ, ಆ ಕೆಲಸದ ಚಾರ್ಜನ್ನು ನಾನು ವಹಿಸಿಕೊಂಡೆ. ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ತಟ್ಟೆ ಹಿಡಿದು, ಮನೆ ಹಿಂದಿನ ತೆಂಗಿನ ಸಾಲಿನಲ್ಲಿ ಮರಕ್ಕೊಂದು ತುತ್ತಿನಂತೆ ತಿನ್ನಿಸುವುದು ನನ್ನ ಕ್ರಮ. ಒಟ್ಟು ಇಪ್ಪತ್ತಮೂರು ಮರ. ಒಳ್ಳೆಯ ದಿನ ಹದಿನೇಳನೇ ಮರದವರೆಗೆ ಹೋಗುತ್ತಿದ್ದೆವು. ನೆಗಡಿಯಿದ್ದ ದಿನ ಮೂರನೇ ಮರಕ್ಕೇ ಮುಕ್ತಾಯ.

2. ಕಳೆದ ಮೇ ತಿಂಗಳಲ್ಲಿ ಆಶಾ ಕಾರ್ಯಕರ್ತೆ ಬಂದು ಮಗುವನ್ನು ತೂಗಿ, "ಸುಷ್ಮಿತಕ್ಕ, ಈ ವಯಸ್ಸಿಗೆ ತೂಕ ಸಾಲ್ದು ಕಣಕ್ಕ" ಎಂದು ಹೇಳಿ ಹೋದರು. ಅಂದು ತಾವು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತದ್ದು ನನಗೆ ಗೊತ್ತು. ಮರುದಿನವೇ ಫೋನು ನೋಡಿಕೊಂಡು ಹೊಸ ಯೋಜನೆ ಜಾರಿಗೆ ತಂದಿರಿ. ಹೆಸರುಬೇಳೆ ದೋಸೆಗೆ ಸುತ್ತಲೂ ಕ್ಯಾರೆಟ್ ತುರಿ ಇಟ್ಟು ಸಿಂಹ ಮಾಡಿದಿರಿ. ಅನ್ನದ ಆಮೆಗೆ ಸೌತೆಕಾಯಿ ಬಿಲ್ಲೆಯ ಚಿಪ್ಪು ಹೊದಿಸಿದಿರಿ. ನುಗ್ಗೆಸೊಪ್ಪಿನ ಪಲ್ಯವನ್ನು ಹುಲ್ಲುಗಾವಲಿನ ಹಾಗೆ ಹರಡಿ, ಬೇಯಿಸಿದ ಮೊಟ್ಟೆಗೆ ಮೆಣಸಿನ ಕಾಳಿನ ಕಣ್ಣು ಇಟ್ಟು ಕುರಿಗಳೆಂದು ಮೇಯಲು ಬಿಟ್ಟಿರಿ.

ಆಗ ನಾನು "ಇದೇನಮ್ಮ, ಊಟವೋ ಸರ್ಕಸ್ಸೋ" ಎಂದು ಕೇಳಿದ್ದು ನಿಜ. "ಮೂರು ದಿನ ನೋಡು, ಆಮೇಲೆ ಸಿಂಹಾನೂ ಮಂಚದ ಕೆಳಗೆ ಹೋಯ್ತದೆ" ಎಂದು ರವೀಂದ್ರನ ಹತ್ತಿರ ಹೇಳಿದ್ದೂ ನಿಜ. ನಾಲ್ಕನೇ ದಿನ ಯೋಗಿತಾ ಹುಲ್ಲುಗಾವಲನ್ನು ಪೂರ್ತಿ ಖಾಲಿ ಮಾಡಿ, "ಅಮ್ಮ, ಇನ್ನೊಂಚೂರು ಹುಲ್ಲು ಹಾಕು" ಅಂದಳು. ಸದರಿ ಎರಡೂ ಹೇಳಿಕೆಗಳನ್ನು ನಾನು ಈ ಮೂಲಕ ಹಿಂಪಡೆದಿದ್ದೇನೆ. ತಾವು ಮಾಡಿದ್ದು ದೊಡ್ಡ ಕೆಲಸ. ಈ ಮಾತನ್ನು ಎದುರಿಗೆ ಹೇಳಬೇಕೆಂದು ತಿಂಗಳಿಂದ ಅಂದುಕೊಳ್ಳುತ್ತಿದ್ದೆ, ಆಗಿರಲಿಲ್ಲ.

3. ಯೋಜನೆ ಯಶಸ್ವಿಯಾದ ಕಾರಣ, ಮರ ಸುತ್ತಿ ತಿನ್ನಿಸುವ ನನ್ನ ಹುದ್ದೆ ತಾನಾಗಿಯೇ ರದ್ದಾಯಿತು. ಈ ಬಗ್ಗೆ ನನ್ನ ತಕರಾರು ಇಲ್ಲ. ಎದುರು ಕೂರುವ ಅವಕಾಶ ಉಳಿದಿತ್ತು. ಅವಳ ತಟ್ಟೆಯಲ್ಲಿ ಸಿಂಹ, ನನ್ನ ತಟ್ಟೆಯಲ್ಲಿ ಬರೀ ಮುದ್ದೆ. ಅವಳು ಸಿಂಹದ ಕಿವಿ ಕಿತ್ತು ಬಾಯಿಗಿಟ್ಟಾಗ ನಾನೊಂದು ತುತ್ತು ನುಂಗುವುದು. ಹೀಗೆ ಇಬ್ಬರದೂ ಸಾಗುತ್ತಿತ್ತು.

4. ಇನ್ನು ಪ್ರಕರಣದ ವಿವರ. ನಮ್ಮ ಕಡೆ ಮುದ್ದೆ ತಟ್ಟೆಗೆ ಬಿದ್ದ ಕೂಡಲೇ ನಡುವೆ ಹೆಬ್ಬೆರಳು ಒತ್ತಿ ಗುಳಿ ಮಾಡಿ, ಅದಕ್ಕೆ ತುಪ್ಪವೋ ಸಾರೋ ಬಿಡುವುದು ರೂಢಿ. ಮಕ್ಕಳ ಬೆರಳು ಸುಡುತ್ತದೆಂದು ಅವರ ಮುದ್ದೆಗೆ ದೊಡ್ಡವರೇ ಗುಳಿ ಮಾಡಿಕೊಡುತ್ತಾರೆ. ಯೋಗಿತಾಳ ಪುಟ್ಟ ಮುದ್ದೆಗೆ ಮೊದಲು ತಿಮ್ಮಕ್ಕ ಮಾಡಿಕೊಡುತ್ತಿದ್ದಳು, ಆಮೇಲೆ ನಾನು. ಅಲ್ಲಿಯವರೆಗೆ ತಮ್ಮ ಯೋಜನೆ ದೋಸೆ, ಅನ್ನ, ಚಪಾತಿಗೆ ಮಾತ್ರ ಅನ್ವಯವಾಗಿತ್ತು, ಮುದ್ದೆಯ ತಂಟೆಗೆ ಹೋಗಿರಲಿಲ್ಲ ಎಂಬುದನ್ನು ದಯವಿಟ್ಟು ಗಮನಿಸುವುದು.

ಸದರಿ ಭಾನುವಾರ ಮಧ್ಯಾಹ್ನ ತಾವು ಮೊದಲ ಬಾರಿಗೆ ಮುದ್ದೆಯಲ್ಲೇ ಬೆಕ್ಕು ಮಾಡಿದಿರಿ. ಕೊಬ್ಬರಿ ಚೂರಿನ ಕಿವಿ, ಅಲಸಂದೆ ಕಾಳಿನ ಕಣ್ಣು, ಹುರುಳಿಕಾಯಿ ಸೀಳಿ ಮಾಡಿದ ಮೀಸೆ, ಟೊಮೆಟೊ ಬಾಯಿ. ಯೋಗಿತಾ ಅದಕ್ಕೆ ಸುಬ್ಬಿ ಎಂದು ಹೆಸರನ್ನೂ ಇಟ್ಟಿದ್ದಳಂತೆ. ನನಗೆ ಇದ್ಯಾವುದೂ ತಿಳಿಯದು. ಬಸ್ಸಾರಿನ ಹಬೆಗೆ ಮಂಜಾಗಿದ್ದ ಕನ್ನಡಕ ತೆಗೆದಿಟ್ಟಿದ್ದೆ. ಮುದ್ದೆಯ ವಾಸನೆ ಬಂತು, ಮಗುವಿನ ತಟ್ಟೆ ಎಂದು ಗೊತ್ತಾಯಿತು, ಬಲಗೈ ತನ್ನ ಕೆಲಸ ತಾನು ಮಾಡಿತು.

"ತಾತ ಸುಬ್ಬಿ ಮೂತಿ ಅಪ್ಪಚ್ಚಿ ಮಾಡ್ಬುಟ್ಟ" ಎಂದು ಯೋಗಿತಾ ಕಿರುಚಿದಳು.

ಇಷ್ಟಕ್ಕೇ ನಿಲ್ಲಿಸಿದ್ದರೆ ಪ್ರಕರಣ ಇಲ್ಲಿಯವರೆಗೆ ಬರುತ್ತಿರಲಿಲ್ಲ. ನಾನು, "ಅಳಬ್ಯಾಡ ಕಣವ್ವ, ಅದಕ್ಕೇನೂ ಆಗಿಲ್ಲ. ಬಾಯಿ ದೊಡ್ಡದಾಯ್ತು, ಇನ್ನೂ ಚೆನ್ನಾಗಿ ಉಣ್ತದೆ ನೋಡು" ಎಂದು ಸಮಾಧಾನ ಹೇಳುತ್ತಾ, ಅದೇ ಗುಳಿಗೆ ಒಂದು ಸೌಟು ಸಾರು ಬಿಟ್ಟೆ. ಸುಬ್ಬಿಯ ಕಣ್ಣುಗಳೆರಡೂ ತೇಲಿಕೊಂಡು ತಟ್ಟೆಯ ಅಂಚಿಗೆ ಬಂದವು. ಉಲ್ಲೇಖ 3ರಲ್ಲಿ ಹೇಳಿದ ಶಬ್ದ ಆಗಲೇ ಕೇಳಿಬಂದದ್ದು.

ಆ ದಿನ ಮಗು ಎರಡು ಹೊತ್ತೂ ಉಣ್ಣಲಿಲ್ಲ. ರಾತ್ರಿ ತಾವು ನನ್ನ ಹತ್ತಿರ ಬಂದು, "ಮಾವ, ಬೇಜಾರು ಮಾಡ್ಕೋಬ್ಯಾಡಿ. ಈಗೀಗ ಉಣ್ಣಾದು ಕಲ್ತವ್ಳೆ. ಅವ್ಳು ಮರೆಯೋಗಂಟ ನೀವು ಒಸಿ ಮುಂಚೇನೇ ಪಡಸಾಲೇಲಿ ಉಂಡ್ಬುಡಿ" ಎಂದಿರಿ. ಮಗುವಿನ ಹೊಟ್ಟೆಯ ಪ್ರಶ್ನೆ ಆದ್ದರಿಂದ ಆದೇಶ ನ್ಯಾಯವಾದದ್ದೇ. ನಾನು "ಆಗ್ಲಿ ಬುಡಮ್ಮ" ಎಂದೆ. ಇಂದಿಗೆ ಹನ್ನೊಂದು ದಿನ.

5. ಈ ನಡುವೆ ರಾಜಿಗಾಗಿ ನಾನು ಕೈಗೊಂಡ ಕ್ರಮ: ಅಟ್ಟದಿಂದ ಒಂದು ಕಾಯಿ ಇಳಿಸಿ, ಸುಲಿದು, ಜುಟ್ಟು ಬೋಳಿಸಿ, ಯೋಗಿತಾಳಿಗೆ ತೋರಿಸಿದೆ. ತೆಂಗಿನಕಾಯಿಗೆ ಎರಡು ಕಣ್ಣು, ಒಂದು ಬಾಯಿ ಹುಟ್ಟುತ್ತಲೇ ಇರುತ್ತವೆ, ಫೋನು ನೋಡಿ ಮಾಡುವ ಅಗತ್ಯವಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅವಳು ಕಾಯಿಯನ್ನು ನೋಡಿದಳು, ನನ್ನನ್ನು ನೋಡಿದಳು. "ಇದ್ರ ಕಣ್ಣಿಗೂ ಚುಚ್ತೀಯಾ?" ಎಂದು ಕೇಳಿದಳು. ಕಾಯಿನೀರು ಬಸಿದು ಕೊಡೋಣವೆಂದು ಇನ್ನೊಂದು ಕೈಯಲ್ಲಿ ಹಿಡಿದಿದ್ದ ಮೊಳೆಯನ್ನು ನಾನು ಜೇಬಿಗೆ ಹಾಕಿಕೊಂಡೆ.

6. ಮೊನ್ನೆ ಮಂಗಳವಾರ ತಿಪಟೂರಿಗೆ ಹೋಗಿದ್ದೆ. ನಾನು ನೌಕರಿಗೆ ಸೇರಿದಾಗಿನಿಂದ ನನ್ನ ಅಂಗಿ ಹೊಲಿಯುತ್ತಿರುವ ಟೈಲರ್ ರಹಮತುಲ್ಲಾ ಅವರು ಅಳತೆ ತೆಗೆದು, ಪುಸ್ತಕದಲ್ಲಿ ಹಳೆಯದನ್ನು ನೋಡಿ, ಮತ್ತೊಮ್ಮೆ ಟೇಪು ಸುತ್ತಿದರು. "ಎದೆ ಒಂದೂವರೆ ಇಂಚು ಇಳ್ದೈತಲ್ಲ ರಂಗಣ್ಣ, ಏನ್ ಸಮಾಚಾರ?" ಎಂದರು.

"ನಿಮ್ ಟೇಪು ಹಳೇದಾಗೈತೆ ಕಣ್ರೀ" ಎಂದೆ.

"ಟೇಪು ಹೋದ್ ವಾರ ತಂದದ್ದು. ಉಣ್ತಾ ಇದೀರೋ ಇಲ್ವೋ, ಅದು ಹೇಳಿ."

ನಾನು ಹೇಳಿದೆ. ಸುಬ್ಬಿಯ ವಿಚಾರ ಬಂದಾಗ ಅವರು ನಗಲಿಲ್ಲ, ಕತ್ತರಿ ಕೆಳಗಿಟ್ಟು ಪೂರ್ತಿ ಕೇಳಿದರು. ಕೊನೆಗೆ, "ಸೊಸೆ ಹತ್ರ ಹೇಳ್ಕೊಳಿ ರಂಗಣ್ಣ. ಬಾಯಿ ಬರ್ದಿದ್ರೆ ಬರ್ಕೊಡಿ. ಅದೊಂದು ವಿದ್ಯೆ ನಿಮಗೆ ಚೆನ್ನಾಗಿ ಬತ್ತದಲ್ಲ" ಎಂದರು.

7. ಆದ್ದರಿಂದ ಬರೆಯುತ್ತಿದ್ದೇನೆ. ಪ್ರತಿದಿನ ತಾವು ಒಳಗಿನಿಂದ "ಮಾವ, ಉಂಡ್ರಾ?" ಎಂದು ಕೇಳಿದಾಗ ನಾನು "ಹೂಂ ಕಣಮ್ಮ, ಹೊಟ್ಟೆ ತುಂಬ್ತು" ಎಂದು ಹೇಳುತ್ತಾ ಬಂದ ಹೇಳಿಕೆ ಸುಳ್ಳು. ಅರ್ಧ ಮುದ್ದೆ ದಿನವೂ ಎಮ್ಮೆಯ ಕಲಗಚ್ಚಿಗೆ ಹೋಗುತ್ತಿದೆ. ತಮ್ಮ ಅಡುಗೆಯಲ್ಲಿ ಯಾವ ದೋಷವೂ ಇಲ್ಲ. ಎಮ್ಮೆ ಸಹ ದೂರಿಲ್ಲ.

ತಿಮ್ಮಕ್ಕ ಹೋದ ಮೇಲೆ ನನಗೆ ತುತ್ತು ಇಳಿಯುತ್ತಿರಲಿಲ್ಲ. ಇದನ್ನು ನಾನು ಯಾರಿಗೂ ಹೇಳಿಲ್ಲ, ರವೀಂದ್ರನಿಗೂ ಹೇಳಿಲ್ಲ. ತೆಂಗಿನ ಸಾಲಿನಲ್ಲಿ ಯೋಗಿತಾ ತಾನೊಂದು ತುತ್ತು ತಿಂದರೆ, "ತಾತ, ಈಗ ನಿಂದು" ಎಂದು ತನ್ನ ಪುಟ್ಟ ಕೈಯಿಂದ ನನ್ನ ಬಾಯಿಗೂ ಒಂದು ಇಡುತ್ತಿದ್ದಳು. ನಾನು ನುಂಗುವವರೆಗೆ ಮುಂದಿನ ಮರಕ್ಕೆ ಹೋಗಲು ಬಿಡುತ್ತಿರಲಿಲ್ಲ. ಅವಳು ಉಣ್ಣಲಿ ಎಂದು ನಾನು ಉಂಡೆ. ನಾನು ಮಗುವಿಗೆ ತಿನ್ನಿಸುತ್ತಿದ್ದೇನೆ ಎಂದು ಬೀದಿಯವರೆಲ್ಲ ಹೊಗಳುತ್ತಿದ್ದರು, ತಾವೂ ಹೊಗಳಿದ್ದಿರಿ. ಆ ದಾಖಲೆಯನ್ನು ತಿದ್ದುಪಡಿ ಮಾಡಬೇಕಾಗಿ ಕೋರುತ್ತೇನೆ. ತಿನ್ನಿಸುತ್ತಿದ್ದವಳು ಅವಳು.

ಆದಕಾರಣ, ಮೇಲೆ ಹೇಳಿದ ಎಲ್ಲವನ್ನೂ ಸಹಾನುಭೂತಿಯಿಂದ ಪರಿಶೀಲಿಸಿ, ಯೋಗಿತಾಳ ಎದುರಿನ ಮಣೆಯನ್ನು ನನಗೆ ಮರಳಿ ಕೊಡಿಸಬೇಕಾಗಿ ಪ್ರಾರ್ಥನೆ. ಅವಕಾಶ ದೊರೆತಲ್ಲಿ ನಾನು ಕೆಳಕಂಡ ಷರತ್ತುಗಳಿಗೆ ಬದ್ಧನಾಗಿರುತ್ತೇನೆ:

ಅ) ಕನ್ನಡಕ ಹಾಕಿಕೊಳ್ಳದೆ ಯಾವುದೇ ತಟ್ಟೆಯ ಕಡೆ ಕೈ ಚಾಚುವುದಿಲ್ಲ.
ಆ) ತಟ್ಟೆಯಲ್ಲಿ ಯಾವ ಪ್ರಾಣಿ ಬಂದರೂ ಮೊದಲು ಹೆಸರು ಕೇಳುತ್ತೇನೆ. ಅದನ್ನು ಬಾಲದಿಂದ ತಿನ್ನಬೇಕೋ ಕಿವಿಯಿಂದಲೋ ಎಂಬ ವಿಷಯದಲ್ಲಿ ಯೋಗಿತಾಳ ತೀರ್ಮಾನವೇ ಅಂತಿಮ.
ಇ) ಮುದ್ದೆಗೆ ಗುಳಿ ಬೇಕೆಂದು ಅವಳಾಗಿ ಕೇಳುವವರೆಗೆ ಬಲಗೈ ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿಟ್ಟುಕೊಳ್ಳುತ್ತೇನೆ. ನಾಲ್ಕು ಬೆರಳಲ್ಲಿ ಉಣ್ಣುವುದನ್ನು ಮೂರು ದಿನದಿಂದ ಅಭ್ಯಾಸ ಮಾಡುತ್ತಿದ್ದೇನೆ. ಅಂಗಿಯ ಮೇಲಿನ ಕಲೆಗಳಿಗೆ ಇದೇ ಕಾರಣ.

ತಮ್ಮ ವಿಶ್ವಾಸಿ, ಹಾಲಿ ಅಮಾನತಿನಲ್ಲಿರುವ ಮಾವ,
(ಸಹಿ) ಶ್ರೀರಂಗಯ್ಯ

ಲಗತ್ತುಗಳು:
1) ಟೈಲರ್ ರಹಮತುಲ್ಲಾ ಅವರು ಬರೆದುಕೊಟ್ಟ ಹಳೆಯ ಮತ್ತು ಹೊಸ ಅಳತೆಯ ಚೀಟಿ.
2) ಅರ್ಜಿದಾರನ ಬಲಗೈ ಹೆಬ್ಬೆರಳಿನ ಗುರುತು, ಆರೋಪಿಯನ್ನು ಗುರುತಿಸುವ ಸಲುವಾಗಿ.
3) ಅರ್ಜಿದಾರನೇ ಪೆನ್ಸಿಲ್ಲಿನಲ್ಲಿ ಬರೆದ ಸುಬ್ಬಿಯ ಚಿತ್ರ, ಗುಳಿ ಇಲ್ಲದ್ದು. ಇಲಿಯಂತೆ ಕಂಡರೂ ಬೆಕ್ಕೆಂದೇ ಪರಿಗಣಿಸುವುದು.

ಪ್ರತಿ: ಕುಮಾರಿ ಯೋಗಿತಾ ಅವರ ಅವಗಾಹನೆಗೆ. ಓದಲು ಬಾರದ ಕಾರಣ, ಸಿಟ್ಟು ಇಳಿದ ಹೊತ್ತು ನೋಡಿ ತಾವೇ ಓದಿ ಹೇಳುವುದು.

ವಿ.ಸೂ.: ನಿನ್ನೆ ನಾನು ಊಟಕ್ಕೆ ಕೂತದ್ದು ತಡವಾಯಿತು. ಅಷ್ಟರಲ್ಲಿ ಶಾಲೆಯ ವ್ಯಾನು ಬಂದು, ಯೋಗಿತಾ ಬ್ಯಾಗು ಹೊತ್ತುಕೊಂಡೇ ಪಡಸಾಲೆಯ ಬಾಗಿಲಲ್ಲಿ ನಿಂತು ನನ್ನ ತಟ್ಟೆಯನ್ನು ಇಣುಕಿ ನೋಡಿದಳು. "ತಾತ, ನಿನ್ ತಟ್ಟೇಲಿ ಯಾರವ್ರೆ?" ಎಂದು ಕೇಳಿದಳು. ಹನ್ನೊಂದು ದಿನದಲ್ಲಿ ಅವಳಾಗಿಯೇ ನನ್ನನ್ನು ಮಾತಾಡಿಸಿದ್ದು ಅದೇ ಮೊದಲು. ನಾನು "ಯಾರೂ ಇಲ್ಲ ಕಣವ್ವ" ಎಂದೆ. ಅವಳು ತಟ್ಟೆಯನ್ನು ಇನ್ನೊಮ್ಮೆ ನೋಡಿ ಒಳಗೆ ಹೋದಳು. ಆದ್ದರಿಂದ, ಮಣೆಯ ವಿಷಯ ತೀರ್ಮಾನವಾಗಲು ತಡವಾಗುವುದಾದರೆ, ಅಲ್ಲಿಯವರೆಗೆ ನನ್ನನ್ನೂ ಸರಿಯಾಗಿ ಊಟ ಮಾಡದವರ ಪಟ್ಟಿಗೆ ಸೇರಿಸಿಕೊಂಡು, ನಾಳೆ ನನ್ನ ಮುದ್ದೆಗೂ ಎರಡು ಅಲಸಂದೆ ಕಾಳು ಇಟ್ಟು ಕಳಿಸಬೇಕಾಗಿ ವಿನಂತಿ. ಮೀಸೆ ಬೇಡ, ಕಿವಿ ಬೇಡ. ಅವಳು ಮತ್ತೆ ಬಂದು ಕೇಳಿದರೆ ಹೇಳಲು ಯಾರಾದರೊಬ್ಬರು ಇದ್ದರೆ ಸಾಕು.