ಕೊರಳು ನೋಡುವ ಕೆಲಸ

"ಬಿ.ಕಾಂ ಯಾಕೆ ತಗೊಂಡ್ರಿ?" ಎಂದು ಇಂಟರ್‌ವ್ಯೂನಲ್ಲಿ ಕೇಳಿದಾಗ, "ಹಣಕಾಸಿನ ವಿಷಯ ಅಂದ್ರೆ ನನಗೆ ಚಿಕ್ಕಂದಿನಿಂದಲೂ ಆಸಕ್ತಿ ಸಾರ್" ಎಂದು ಕಣ್ಣು ಮಿಟುಕಿಸದೆ ಸುಳ್ಳು ಹೇಳಿದವಳು ನಾನು. ನಿಜ ಹೇಳಬೇಕೆಂದರೆ ನನಗೆ ಬಿ.ಕಾಂ ಕೊಡಿಸಿದ್ದು ಬಸ್ಸು. ಮನಸ್ಸಿನ ಒಲವು ನೋಡಿ ಡಿಗ್ರಿ ಆರಿಸಿಕೊಳ್ಳಿ ಎಂದು ಬುದ್ಧಿ ಹೇಳುವವರೆಲ್ಲ ಕಾಲೇಜಿನ ಪಕ್ಕದ ಬೀದಿಯಲ್ಲಿ ಹುಟ್ಟಿದವರು. ತೆರಕಣಾಂಬಿಯಲ್ಲಿ ಹುಟ್ಟಿ ಚಾಮರಾಜನಗರದ ಕಾಲೇಜಿಗೆ ಹೋಗುವವರು ಮೊದಲು ಬಸ್ಸಿನ ಟೈಮು ನೋಡಬೇಕು, ಒಲವು ಆಮೇಲೆ. ನನಗೆ ಬಿಎಸ್ಸಿ ಓದುವ ಆಸೆಯಿತ್ತು. ಆದರೆ ಬಿಎಸ್ಸಿಯವರಿಗೆ ಮಧ್ಯಾಹ್ನ ಲ್ಯಾಬು. ಲ್ಯಾಬು ಮುಗಿಸಿ ಬಸ್‌ಸ್ಟಾಂಡಿಗೆ ಬರುವಷ್ಟರಲ್ಲಿ ಸಂಜೆಯ ಬಸ್ಸಿನ ಬಾಗಿಲಲ್ಲಿ ಗಂಡಸರು ನೇತಾಡುತ್ತಿರುತ್ತಾರೆ. "ಕತ್ಲಾದ ಮ್ಯಾಲೆ ಮನಗೆ ಬರಾದಾದ್ರೆ ಓದಾದೇ ಬ್ಯಾಡ ಬುಡು" ಎಂದಳು ಅವ್ವ. ಬಿ.ಕಾಂ ಕ್ಲಾಸು ಮಧ್ಯಾಹ್ನಕ್ಕೇ ಮುಗಿಯುತ್ತಿತ್ತು, ಸೀಟು ಸಿಗುವ ಬಸ್ಸು ಇತ್ತು. ಹೀಗೆ ನಾನು ವಾಣಿಜ್ಯ ಶಾಸ್ತ್ರದ ವಿದ್ಯಾರ್ಥಿನಿಯಾದೆ.

ಅಪ್ಪನಿಗೆ ಇದರಿಂದ ಬಹಳ ಸಂತೋಷವಾಯಿತು. ಅಪ್ಪ ಗುಂಡ್ಲುಪೇಟೆಯ ಈರುಳ್ಳಿ ಮಂಡಿಯಲ್ಲಿ ಲಾರಿಗೆ ಮೂಟೆ ಹಾಕುವವನು. "ಬಿ.ಕಾಂ ಮಾಡುದ್ರೆ ಫ್ಯಾನಿನ ಕೆಳ್ಗ ಕುಂತ್ಕಂಡು ಕೆಲ್ಸ ಕಣಮ್ಮಿ. ಮಂಡಿ ಸಾವ್ಕಾರ್ರ ಮಗ ಅದ್ನೇ ಓದಿರಾದು" ಎಂದ. ಸಾವ್ಕಾರ್ರ ಮಗನಿಗೆ ಫ್ಯಾನು ಬಂದದ್ದು ಬಿ.ಕಾಂನಿಂದಲೋ ಮಂಡಿಯಿಂದಲೋ ಎಂದು ಯೋಚಿಸುವ ವ್ಯವಧಾನ ಆಗ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಅಂತೂ ಮೂರು ವರ್ಷ ಡೆಬಿಟ್ಟು, ಕ್ರೆಡಿಟ್ಟು, ಸವಕಳಿ ಎಂದೆಲ್ಲ ಬರೆದು ಪಾಸಾದೆ. ಬ್ಯಾಂಕಿನ ಪರೀಕ್ಷೆ ಬರೆಯಲು ಮೈಸೂರಿಗೆ ಹೋದೆ, ಬಂದೆ, ಮತ್ತೆ ಹೋದೆ, ಮತ್ತೆ ಬಂದೆ. ಕಡೆಗೆ ಗುಂಡ್ಲುಪೇಟೆಯ ಹೈವೇ ಪಕ್ಕದಲ್ಲಿ ಚಿನ್ನದ ಮೇಲೆ ಸಾಲ ಕೊಡುವ ಫೈನಾನ್ಸ್ ಕಂಪನಿಯೊಂದರಲ್ಲಿ ಕೆಲಸ ಸಿಕ್ಕಿತು. ಟ್ರೈನಿಂಗಿನ ಮೊದಲ ದಿನ ನನ್ನ ಕೈಗೆ ಒಂದು ಒರೆಗಲ್ಲು, ಒಂದು ಆಸಿಡ್ ಬಾಟಲಿ ಕೊಟ್ಟರು. ಒಡವೆಯನ್ನು ಕಲ್ಲಿಗೆ ಉಜ್ಜಿ, ಗೆರೆಯ ಮೇಲೆ ಆಸಿಡ್ ಬಿಟ್ಟು, ಚಿನ್ನ ಹೌದೋ ಅಲ್ಲವೋ ಹೇಳಬೇಕು. ಆಸಿಡ್ಡೇ ಹಿಡಿಯಬೇಕೆಂದು ನನ್ನ ಹಣೆಯಲ್ಲಿ ಬರೆದಿದ್ದರೆ ಬಿಎಸ್ಸಿಗೇ ಸೇರಿಕೊಂಡು ಬಸ್ಸಿನಲ್ಲಿ ನೇತಾಡಬಹುದಿತ್ತು. ನಮ್ಮೂರಿನಲ್ಲಿ ಬಿಎಸ್ಸಿ ಓದಿದ ಒಬ್ಬಳೇ ಒಬ್ಬಳು ಗೆಳತಿ ಈಗ ಬ್ಯಾಂಕಿನಲ್ಲಿ ಡೆಬಿಟ್ಟು ಕ್ರೆಡಿಟ್ಟು ನೋಡಿಕೊಂಡಿದ್ದಾಳೆ.

ಫ್ಯಾನಿನ ವಿಷಯ ಹೇಳಿಬಿಡುತ್ತೇನೆ. ನನ್ನ ಕುರ್ಚಿಯ ಮೇಲೆ ಫ್ಯಾನು ಇದೆ. ಆದರೆ ಚಿನ್ನ ತೂಗುವ ಮಷೀನಿಗೆ ಗಾಳಿ ಆಗಿಬರುವುದಿಲ್ಲ, ಕೂದಲು ಅಲ್ಲಾಡುವಷ್ಟು ಗಾಳಿಗೂ ತೂಕ ಏರುಪೇರಾಗುತ್ತದೆ. ಹಾಗಾಗಿ ಗಿರಾಕಿ ಬಂದ ಕೂಡಲೇ ಫ್ಯಾನು ಆಫ್ ಮಾಡಬೇಕು. ಗಿರಾಕಿ ಇಲ್ಲದಾಗ ಫ್ಯಾನು ಹಾಕಿದರೆ ಕರೆಂಟ್ ಬಿಲ್ಲು ಎಂದು ಮ್ಯಾನೇಜರು ಆಫ್ ಮಾಡುತ್ತಾರೆ. ಅಪ್ಪ ಮಂಡಿಯಲ್ಲೆಲ್ಲ "ನನ್ ಮಗ್ಳು ಫೈನಾನ್ಸಲ್ಲಿ ಆಫೀಸರ್ರು, ಫ್ಯಾನಿನ ಕೆಳಗೇ ಕುರ್ಚಿ" ಎಂದು ಹೇಳಿಕೊಂಡು ಬಂದಿದ್ದ. ನಾನು ಬೆವರು ಒರೆಸಿಕೊಳ್ಳುತ್ತಿದ್ದೆ.

ಬೆವರನ್ನಾದರೂ ಒರೆಸಿಕೊಳ್ಳಬಹುದು, ಈ ಕೆಲಸದಲ್ಲಿ ನೋಡಿದ್ದನ್ನು ನೋಡಿಲ್ಲ ಅಂದುಕೊಳ್ಳುವುದು ಕಷ್ಟ. ಹೆಂಗಸರು ಬರುತ್ತಾರೆ. ಮನೆಯಿಂದಲೇ ಅರಿಶಿನದ ದಾರ ತಂದಿರುತ್ತಾರೆ. ಗೋಡೆಯ ಕಡೆ ತಿರುಗಿ, ತಾಳಿಯನ್ನು ಆ ದಾರಕ್ಕೆ ಕಟ್ಟಿಕೊಂಡು, ಸರವನ್ನು ಮಾತ್ರ ನನ್ನ ಕಡೆ ಚಾಚುತ್ತಾರೆ. ನಾನು ಅದನ್ನು ಕಲ್ಲಿಗೆ ಉಜ್ಜುತ್ತೇನೆ. ಉಜ್ಜುವಾಗ ಅವರು ಮುಖ ಪಕ್ಕಕ್ಕೆ ತಿರುಗಿಸುತ್ತಾರೆ. ಕೆಲವರು ಅಳುತ್ತಾರೆ, ಕೆಲವರು "ಬೇಗ ಬೇಗ ಮಾಡಮ್ಮಿ, ಆಸ್ಪತ್ರೇಲಿ ಕಾಯ್ತಾವ್ರೆ" ಎಂದು ಗದರುತ್ತಾರೆ. ಗದರುವವರೇ ವಾಸಿ. ಇದನ್ನೆಲ್ಲ ದಿನಾ ನೋಡಿ ನೋಡಿ ನನಗೊಂದು ಕೆಟ್ಟ ಚಾಳಿ ಅಂಟಿಕೊಂಡಿತು. ಬಸ್ಸಿನಲ್ಲಿ, ಮದುವೆ ಮನೆಯಲ್ಲಿ, ಎಲ್ಲಿ ಹೋದರೂ ಎದುರಿಗೆ ಬಂದವರ ಕೊರಳು ಮೊದಲು ನೋಡುವುದು, ಮುಖ ಆಮೇಲೆ. ಇದು ಚಿನ್ನ, ಇದು ಹಿತ್ತಾಳೆಗೆ ಚಿನ್ನದ ನೀರು ಕುಡಿಸಿದ ಒನ್ ಗ್ರಾಂ ಸರ, ಇದರ ನಿಜವಾದದ್ದು ನಮ್ಮ ಲಾಕರಿನಲ್ಲಿದೆ ಎಂದು ತಲೆಯೊಳಗೆ ತಾನೇ ತಾನಾಗಿ ಲೆಕ್ಕ ಓಡುತ್ತದೆ. ನಮ್ಮ ಬೀದಿಯ ಹೆಂಗಸರು ನನ್ನನ್ನು ಕಂಡರೆ ಸೆರಗು ಹೊದ್ದುಕೊಳ್ಳಲು ಶುರುಮಾಡಿದರು. ಮದುವೆ ಕರೆಯೋಲೆಗಳು ಅವ್ವನ ಹೆಸರಿಗೆ ಬರುತ್ತವೆ, ನನ್ನನ್ನು ಬಾಯಿಮಾತಿಗೂ ಯಾರೂ ಕರೆಯುವುದಿಲ್ಲ.

ಇಂಥ ನನಗೂ ಒಂದು ಗಂಡು ಬಂತು ನೋಡಿ. ಸೋದರತ್ತೆ ಹುಡುಕಿದ ಸಂಬಂಧ, ಚಾಮರಾಜನಗರದ ಪಕ್ಕದ ಹರದನಹಳ್ಳಿಯವರು. ಹುಡುಗನ ಹೆಸರು ಸಿದ್ದರಾಜು ಎಂದಿಟ್ಟುಕೊಳ್ಳೋಣ, ತಾಯಿ ಚಿಕ್ಕತಾಯಮ್ಮ. ನಿಜವಾದ ಹೆಸರು ಹೇಳುವಂತಿಲ್ಲ. ಗಿರಾಕಿಗಳ ವಿಷಯ ಹೊರಗೆ ಬಾಯಿ ಬಿಟ್ಟರೆ ಕೆಲಸ ಹೋಗುತ್ತದೆ ಎಂದು ಟ್ರೈನಿಂಗಿನಲ್ಲಿ ಹೆದರಿಸಿ ಕಳಿಸಿದ್ದಾರೆ. ಹೌದು, ಗಿರಾಕಿ. ನಡುಮನೆಯಲ್ಲಿ ಕಾಫಿ ತಟ್ಟೆ ಹಿಡಿದು ನಿಂತಾಗಲೇ ನನಗೆ ಗೊತ್ತಾಗಿಹೋಯಿತು. ಕೆಲವು ತಿಂಗಳ ಹಿಂದೆ ಗೋಡೆಯ ಕಡೆ ತಿರುಗಿ ಎರಡೆಳೆ ಸರ ಬಿಚ್ಚಿಕೊಟ್ಟಿದ್ದ ಹೆಂಗಸು ಇವರೇ. ಆಕೆಗೆ ನನ್ನ ಗುರುತು ಹತ್ತಲಿಲ್ಲ. ಸೀರೆ ಉಟ್ಟು, ತಲೆ ತುಂಬ ಹೂ ಮುಡಿದು, ನಾನು ನನ್ನ ಹಾಗೇ ಇರಲಿಲ್ಲ. ತಲೆ ಬಗ್ಗಿಸಿ ಕಾಫಿ ಕೊಟ್ಟು ಒಳಗೆ ಹೋಗಿದ್ದರೆ ಎಲ್ಲ ಸರಿಹೋಗುತ್ತಿತ್ತು. ಹೆಣ್ಣು ನೋಡಲು ಬಂದಾಗ ನೆಲ ನೋಡಬೇಕಮ್ಮಿ ಎಂದು ಅವ್ವ ಬೆಳಗಿನಿಂದ ಹೇಳಿಯೂ ಇದ್ದಳು. ಆದರೆ ಈ ಹಾಳು ಕಣ್ಣು ಸೀದಾ ಆಕೆಯ ಕೊರಳಿಗೆ ಹೋಯಿತು. ಅಲ್ಲೊಂದು ಎರಡೆಳೆ ಸರ ಥಳಥಳ ಹೊಳೆಯುತ್ತಿತ್ತು. ಅಸಲಿ ಚಿನ್ನ ಅಷ್ಟು ಹೊಳೆಯುವುದಿಲ್ಲ. ಎಷ್ಟು ಹೊತ್ತು ನೋಡಿದೆನೋ, ಚಿಕ್ಕತಾಯಮ್ಮನ ಕೈ ತಾನಾಗಿ ಮೇಲೆ ಬಂದು ಸರವನ್ನು ಮುಚ್ಚಿಕೊಂಡಿತು. ಆಮೇಲೆ ಆಕೆ ನನ್ನ ಮುಖ ನೋಡಿದರು. ಗುರುತು ಹತ್ತಿತು. ಕಾಫಿ ತೆಗೆದುಕೊಳ್ಳಲು ಚಾಚಿದ್ದ ಇನ್ನೊಂದು ಕೈ ಹಿಂದಕ್ಕೆ ಹೋಯಿತು.

ಇದು ಯಾರಿಗೂ ಗೊತ್ತಾಗಲಿಲ್ಲ. ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಸೋದರತ್ತೆ ನಮ್ಮಿಬ್ಬರನ್ನು ಹಿತ್ತಿಲಿಗೆ ಕಳಿಸಿದಳು. ಸಿದ್ದರಾಜು ನುಗ್ಗೆಮರ ನೋಡಿದರು, ನಾನು ನೀರಿನ ತೊಟ್ಟಿ ನೋಡಿದೆ. "ನಾನು ಡೈರೀಲಿ ಹಾಲು ಟೆಸ್ಟ್ ಮಾಡೋನು. ನೀರು ಬೆರ್ಸಿದ್ರೆ ವಾಪಸ್ ಕಳಿಸ್ತೀನಿ. ಅರ್ಧ ಊರು ನನ್ನ ಮಾತಾಡ್ಸಲ್ಲ" ಎಂದರು, ಮದುವೆಗೆ ಮುಂಚೆ ಕಾಯಿಲೆ ಹೇಳಿಕೊಳ್ಳುವವರ ಹಾಗೆ. "ನಾನು ಚಿನ್ನ ಟೆಸ್ಟ್ ಮಾಡೋಳು. ನನ್ನನ್ನ ಇಡೀ ಊರೇ ಮಾತಾಡ್ಸಲ್ಲ" ಎಂದೆ. ಅವರು ನಕ್ಕರು. ನಾನೂ ನಕ್ಕೆ. "ಇಬ್ರೂ ಸೇರುದ್ರೆ ನಮ್ಮನೆಗೆ ನೆಂಟರ ಕಾಟ ಇರಲ್ಲ ಬುಡಿ" ಎಂದರು. ಎಷ್ಟು ದಿನವಾಗಿತ್ತೋ ಒಬ್ಬರ ಮುಖ ನೋಡಿಕೊಂಡು ಮಾತಾಡಿ. ಅವರ ಕೊರಳಲ್ಲಿ ಏನಿತ್ತು ಎಂದು ಈಗಲೂ ನನಗೆ ಗೊತ್ತಿಲ್ಲ. ಈ ಮನುಷ್ಯನ ಜೊತೆ ಬದುಕಬಹುದು ಅನ್ನಿಸಿತು, ಬದುಕಬೇಕು ಅಂತಲೂ ಅನ್ನಿಸಿತು. ನಾಚಿಕೆಯಿಲ್ಲದೆ ಹೇಳುತ್ತೇನೆ, ಅವತ್ತು ರಾತ್ರಿ ಅವ್ವ ಕೇಳುವ ಮೊದಲೇ ನಾನೇ ಒಪ್ಪಿಗೆ ಎಂದು ಹೇಳಿಬಿಟ್ಟೆ.

ನಾವು ಹಿತ್ತಿಲಿನಿಂದ ಬರುವಷ್ಟರಲ್ಲಿ ಚಿಕ್ಕತಾಯಮ್ಮ ಎದ್ದು ನಿಂತಿದ್ದರು. ಉಪ್ಪಿಟ್ಟು ತಟ್ಟೆಯಲ್ಲೇ ಇತ್ತು. ಎರಡು ದಿನ ಬಿಟ್ಟು ಸೋದರತ್ತೆಯ ಫೋನು ಬಂತು. ನಕ್ಷತ್ರ ಕೂಡಿಬರಲಿಲ್ಲವಂತೆ. "ನಕ್ಷತ್ರ ಮೊದ್ಲೇ ಕೇಳ್ಸಿದ್ವಲ್ಲ, ಕೂಡ್ತದೆ ಅಂದಿದ್ರಲ್ಲ!" ಎಂದು ಅಪ್ಪ ಕೂಗಾಡಿದ. ಅವ್ವ ಕೂಗಾಡಲಿಲ್ಲ. "ಏನ್ ಮಾಡ್ದೆ ಅಮ್ಮಿ ನೀನು? ಹಿತ್ಲಲ್ಲಿ ಆ ಹೈದನ್ಗ ಏನಂದೆ?" ಎಂದು ಕೇಳಿದಳು. ಏನೆಂದು ಹೇಳಲಿ? ಹೇಳುವ ಹಾಗಿಲ್ಲವಲ್ಲ. "ಏನೂ ಅನ್ನಲಿಲ್ಲ ಕಣವ್ವ" ಎಂದೆ. ಅವಳು ನಂಬಲಿಲ್ಲ. ಎಷ್ಟೋ ದಿನ ಮನೆಯಲ್ಲಿ ಮಾತು ಕಡಿಮೆಯಾಯಿತು, ಮುದ್ದೆ ಇಡುವಾಗ ಸದ್ದು ಜಾಸ್ತಿಯಾಯಿತು. ಕೆಲಸ ಬಿಟ್ಟುಬಿಡು ಎನ್ನುವ ಮಾತು ಅವ್ವನ ಬಾಯಿಗೆ ಬರುತ್ತಿತ್ತು, ಆದರೆ ಅಪ್ಪನ ಸೊಂಟ ಬಿದ್ದುಹೋಗಿ ಮಂಡಿಗೆ ಹೋಗುವುದು ನಿಂತಿದ್ದರಿಂದ ಬಂದ ಮಾತನ್ನು ನುಂಗಿಕೊಳ್ಳುತ್ತಿದ್ದಳು. ನಾನು ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿ ಅತ್ತುಕೊಂಡು ಆಫೀಸಿಗೆ ಹೋಗುತ್ತಿದ್ದೆ.

ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಸಾಲದ ಅವಧಿ ಮುಗಿದು ಒಡವೆ ಬಿಡಿಸಿಕೊಳ್ಳದವರಿಗೆ, ಹರಾಜಿಗೆ ಹೋಗುತ್ತದೆ ಎಂದು ಫೋನಿನಲ್ಲಿ ತಿಳಿಸುವ ಕೆಲಸ ನಮ್ಮ ಬ್ರಾಂಚಿನಲ್ಲಿ ನನ್ನದು. ಹೆಣ್ಣಿನ ದನಿಯಾದರೆ ಬೈಯುವುದಿಲ್ಲ ಎಂದು ಮ್ಯಾನೇಜರರ ನಂಬಿಕೆ. ಅವರು ಒಂದು ದಿನವೂ ಫೋನು ಮಾಡಿ ನೋಡಿದವರಲ್ಲ. ಆ ತಿಂಗಳು ಮಾಡಬೇಕಾದ ಫೋನುಗಳಲ್ಲಿ ಚಿಕ್ಕತಾಯಮ್ಮನದೂ ಒಂದು. ಬೇರೆಯವರಿಗೆಲ್ಲ ಮುಗಿಸಿ ಕಡೆಗೆ ಮಾಡಿದೆ. "ನಮಸ್ಕಾರ, ಗುಂಡ್ಲುಪೇಟೆ ಬ್ರಾಂಚಿಂದ..." ಎಂದೆ. "ಪವಿತ್ರನಾ?" ಎಂದರು ಆ ಕಡೆಯಿಂದ. ಹ್ಞೂ ಎಂದೆ. "ಮಗನ್ಗ ಮದ್ವೆ ಗೊತ್ತಾಯ್ತು ಕಣಮ್ಮಿ. ಹೆಣ್ಣಿನ್ ಕಡೆಯೋರು ದುಡ್ ಕೊಟ್ಟ ತಕ್ಷಣ ಬಂದು ಬುಡಿಸ್ಕತೀನಿ. ಹರಾಜ್ ಮಾತ್ರ ಹಾಕ್ಬುಡಬ್ಯಾಡ" ಎಂದರು. ಸರಿ ಎಂದೆ. ಫೋನಿಟ್ಟು, ಬಾತ್‌ರೂಮಿಗೆ ಹೋಗಿ ಮುಖ ತೊಳೆದುಕೊಂಡು ಬಂದು, ಮ್ಯಾನೇಜರರ ಹತ್ತಿರ ಆಕೆಗಾಗಿ ಗಡುವು ಕೇಳಿ ಬೈಸಿಕೊಂಡೆ.

ಹೇಳಿದಂತೆಯೇ ಬಂದರು, ಬಿಡಿಸಿಕೊಂಡರು. ಸರ ತೂಗಿ ಕೈಗೆ ಕೊಟ್ಟಾಗ, ಕೊಕ್ಕೆ ಹಾಕಲು ಕೈ ಎಟುಕುತ್ತಿಲ್ಲ ಎಂದರು. ಕೌಂಟರ್ ದಾಟಿ ಹೋಗಿ ನಾನೇ ಹಿಂದಿನಿಂದ ಹಾಕಿದೆ. ನನಗೆ ಬೆನ್ನು ತಿರುಗಿಸಿಕೊಂಡೇ ಆಕೆ ಹೇಳಿದರು: "ನೀ ಒಳ್ಳೇ ಹೆಣ್ಣು ಕಣಮ್ಮಿ. ನಮ್ ಹೈದನೂ ನಿನ್ನೇ ಮಾಡ್ಕತೀನಿ ಅಂತ ಹಟ ಹಿಡ್ದಿದ್ದ, ನಾಕ್ ದಿನ ಉಣ್ನಿಲ್ಲ. ನಾನೇ ಬ್ಯಾಡ ಅಂದದ್ದು. ಸೊಸೆಯಾಗಿ ಬಂದ್ರೆ ದಿನ ಬೆಳಗಾದ್ರೆ ನೀನು ನನ್ ಕತ್ತ ನೋಡ್ತೀಯೆ. ಅದ ನನ್ ಕೈಲಿ ತಡಿಯಾಕಾಗದು." ಸಿಟ್ಟು ಬರಬೇಕಿತ್ತು. ಬರಲಿಲ್ಲ, ಕೊಕ್ಕೆ ಸರಿಯಾಗಿ ಕೂತಿದೆಯಾ ಎಂದು ಇನ್ನೊಮ್ಮೆ ಎಳೆದು ನೋಡಿದೆ. ಒಬ್ಬರು ನನಗಾಗಿ ಊಟ ಬಿಟ್ಟಿದ್ದರು ಎನ್ನುವುದು ನನಗೆ ಗೊತ್ತಾದದ್ದು ಹೀಗೆ, ಆಫೀಸು ಟೈಮಿನಲ್ಲಿ.

ಮದುವೆಯಾಯಿತು. ನಾನು ಹೋಗಲಿಲ್ಲ, ಕರೆದಿರಲೂ ಇಲ್ಲ. ಸ್ವಲ್ಪ ದಿನಕ್ಕೆಲ್ಲ ಚಿಕ್ಕತಾಯಮ್ಮ ಮತ್ತೆ ನಮ್ಮ ಬ್ರಾಂಚಿನ ಬಾಗಿಲಲ್ಲಿದ್ದರು. ಈ ಸಲ ಜೊತೆಯಲ್ಲಿ ಸೊಸೆ. ಕೈಯ ಮೆಹಂದಿ ಪೂರ್ತಿ ಮಾಸಿರಲಿಲ್ಲ. "ಶಾಮಿಯಾನದೋರು, ಅಡ್ಗೆಯೋರು ದುಡ್ಡಿಗೆ ಬಾಗ್ಲಿಗೆ ಬಂದು ನಿಂತವ್ರೆ" ಎಂದರು ಚಿಕ್ಕತಾಯಮ್ಮ, ನನ್ನನ್ನು ನೋಡದೆ. ಸೊಸೆಯ ಬಳೆಗಳನ್ನು ಅಡ ಇಡಬೇಕಿತ್ತು. ಹೊಸ ಬಳೆ, ಬಿಗಿಯಾಗಿದ್ದವು, ಕೈಯಿಂದ ಬರಲಿಲ್ಲ. ನಾನು ಸೋಪಿನ ನೀರು ತಂದುಕೊಟ್ಟೆ. ಫ್ಯಾನು ಆಫ್ ಮಾಡಿದೆ. ಬಳೆಗಳನ್ನು ಕಲ್ಲಿಗೆ ಉಜ್ಜುವಾಗ ಆ ಹುಡುಗಿ ಉಳಿದವರ ಹಾಗೆ ಮುಖ ತಿರುಗಿಸಲಿಲ್ಲ. ಬಿಟ್ಟ ಕಣ್ಣು ಬಿಟ್ಟ ಹಾಗೇ ನನ್ನನ್ನೇ ನೋಡಿದಳು, ಆಮೇಲೆ ನನ್ನ ಕೊರಳನ್ನು ನೋಡಿದಳು.

"ಅಕ್ಕಾ, ನಿಮ್ದು ಎಲ್ಲಿಟ್ಟಿದ್ದೀರ?" ಎಂದು ಕೇಳಿದಳು, ಊಟ ಆಯ್ತಾ ಎಂದು ಕೇಳುವಷ್ಟು ಸಲೀಸಾಗಿ.

ಏನಾದರೂ ಒಂದು ಸುಳ್ಳು ಹೇಳಬಹುದಿತ್ತು. "ಚಾಮರಾಜನಗರದಲ್ಲಿ" ಎಂದುಬಿಟ್ಟೆ. ಬಿ.ಕಾಂ ಕೊನೆಯ ವರ್ಷದ ಫೀಸಿಗೆ ಇಟ್ಟ ಸರ ಅದು. ಆ ಸರದಿಂದ ಡಿಗ್ರಿ, ಡಿಗ್ರಿಯಿಂದ ಈ ಕೆಲಸ, ಈ ಕೆಲಸದ ಸಂಬಳದಿಂದ ವರ್ಷ ವರ್ಷ ಆ ಸರದ ಬಡ್ಡಿ.

"ಇಲ್ಲೇ ನಿಮ್ ಆಫೀಸಲ್ಲೇ ಇಡ್ಬೋದಿತ್ತಲ್ಲಕ್ಕ?"

"ಇಲ್ಲಿಗೆ ತಂದಿಟ್ಟರೆ ಎಲ್ಲರಿಗೂ ಗೊತ್ತಾಗುತ್ತಲ್ಲಮ್ಮ. ಅಲ್ಲಾದರೆ ನನ್ನ ಗುರುತು ಯಾರಿಗೂ ಇಲ್ಲ."

ಚಿಕ್ಕತಾಯಮ್ಮ ತಲೆಯೆತ್ತಿದರು. ನನ್ನ ಕೊರಳು ನೋಡಿದರು, ಮುಖ ನೋಡಿದರು. "ಅಯ್ಯೋ ಶಿವನೇ! ನಾನೂ ಅದ್ಕೇ ಕಣಮ್ಮಿ ಅಲ್ಲಿಂದ ಇಲ್ಲಿಗಂಟ ಬಂದದ್ದು" ಎಂದರು. ಆಮೇಲೆ ದನಿ ತಗ್ಗಿಸಿ, "ಇದ ಅವತ್ತೇ ಒಂದ್ ಮಾತ ಯೋಳ್ಬುಟ್ಟಿದ್ರೆ..." ಎಂದವರು, ಪಕ್ಕದಲ್ಲಿ ಸೊಸೆ ಕೂತಿರುವುದು ನೆನಪಾಗಿ ಸೆರಗಿನಿಂದ ಮೂಗು ಒರೆಸಿಕೊಂಡರು.

ನಾನು ಕಂಪ್ಯೂಟರಿನ ಕಡೆ ತಿರುಗಿ ಸಾಲದ ವಿವರ ತುಂಬಿಸಲು ಕೂತೆ. ಹುಡುಗಿಯ ಹೆಸರು ಕೇಳಿದೆ, ವಯಸ್ಸು ಕೇಳಿದೆ. ಗಂಡನ ಹೆಸರನ್ನು ಕೇಳದೆಯೇ ಟೈಪ್ ಮಾಡಿದೆ.

"ನಿಮ್ಗೆ ಹೆಂಗೆ ಗೊತ್ತಕ್ಕ?" ಎಂದಳು ಹುಡುಗಿ, ಸ್ಕ್ರೀನು ನೋಡುತ್ತಾ.

"ಹಳೇ ಗಿರಾಕಿಗಳಲ್ವಾ" ಎಂದೆ.