ಅವ್ವನ ನೇಮಕ್ಕೊಂದು ಸೈಕಲ್ ಫ್ಯಾನು

ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವರಿಗೆ ಒಂದು ಕಾಯಿಲೆ ಇರುತ್ತದೆ. ಮನೆಯಲ್ಲಿ ಯಾರು ಉಸ್ಸೆಂದರೂ ಅದು ತಮಗೇ ಕೊಟ್ಟ ಪ್ರಶ್ನೆಪತ್ರಿಕೆ ಎಂದುಕೊಳ್ಳುವುದು. ನನಗೆ ಅದು ಸ್ವಲ್ಪ ಬಲವಾಗಿಯೇ ಇದೆ. ಹಿಂದೊಮ್ಮೆ ಬಿಸಿಲ ಒಲೆ ಮಾಡಿ ಅದರಲ್ಲಿ ಅಕ್ಕಿ ಇಟ್ಟಿದ್ದೆ. ಸಂಜೆಯ ಹೊತ್ತಿಗೆ ಅಕ್ಕಿ ಚೆನ್ನಾಗಿ ನೆನೆದಿತ್ತು. ಹೆಂಡತಿ ಸುನಂದಾ ಅದನ್ನೇ ರುಬ್ಬಿ ದೋಸೆ ಹುಯ್ದಳು.

ಈ ಬೇಸಿಗೆಯಲ್ಲಿ ನನ್ನ ಅವ್ವ ಬಸದಿಯಿಂದ ಬಂದವಳೇ ಎಂಟು ದಿನ ಫ್ಯಾನ್ ಹಾಕುವುದಿಲ್ಲವೆಂದು ನೇಮ ಹಿಡಿದಳು. ಒಪ್ಪತ್ತಿನ ಊಟ ಬೇರೆ. ನಮ್ಮ ಕಾಗವಾಡದಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಒಣಗಿ ಹೋಗುವಂಥ ಬಿಸಿಲು. ಹೋದ ವರ್ಷ ಇಂಥದೇ ನೇಮದಲ್ಲಿ ಅವಳು ತಲೆ ಸುತ್ತಿ ಬಿದ್ದಿದ್ದಳು. ನನಗೆ ನಿಜವಾಗಿ ಹೆದರಿಕೆಯಾಯಿತು. ಆದರೆ ನನ್ನ ಹೆದರಿಕೆಗೆ ಆಯುಷ್ಯ ಕಡಿಮೆ. ಅರ್ಧ ಗಂಟೆಯಲ್ಲಿ ಉಪಾಯ ಹೊಳೆಯಿತು. ಕರೆಂಟು ಬೇಡವೆಂದರೆ ಕೈ ಇದೆಯಲ್ಲ!

ಅಟ್ಟದ ಹಳೆಯ ಸೈಕಲ್ ಇಳಿಸಿ ತಲೆಕೆಳಗಾಗಿ ನಿಲ್ಲಿಸಿದೆ. ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಹಿಂದಿನ ಗಾಲಿಯ ಕಡ್ಡಿಗಳಿಗೆ ರೆಕ್ಕೆ ಕಟ್ಟಿದೆ. ಅದರ ಮಗ್ಗುಲಿಗೆ ಒದ್ದೆ ಗೋಣಿ ಇಳಿಬಿಟ್ಟೆ. ಗೋಣಿಗೆ ಹಾಕಿದ ನೀರನ್ನು ಬಟ್ಟೆಯಲ್ಲಿ ಸೋಸಿಯೇ ಹಾಕಿದ್ದೆ. ಅಷ್ಟು ಧರ್ಮ ನನಗೂ ಗೊತ್ತು. ಪೆಡಲನ್ನು ಕೈಯಿಂದ ತಿರುಗಿಸಿ ತಿರುಗಿಸಿ ಮೂರು ದಿನ ಪ್ರಯೋಗ ನಡೆಸಿದೆ.

"ಮದ್ಲ ಅತ್ತಿ ಅವರನ್ನ ಒಂದ ಮಾತ ಕೇಳ್ರಿ," ಎಂದಳು ಸುನಂದಾ.

"ಕೇಳೂದೇನೈತಿ? ತಿರುಗಿಸಿ ತೋರಸ್ತೇನಿ."

ಅವ್ವನನ್ನು ಗೋಣಿಯ ಎದುರು ಕೂರಿಸಿ, ಮೈಯೆಲ್ಲ ಬೆವರುವಂತೆ ತಿರುಗಿಸಿದೆ. ಗಾಳಿ ಬಂತು, ಅದೂ ತಂಪು ಗಾಳಿ! ಗೋಡೆಯ ಕ್ಯಾಲೆಂಡರು ಪಟಪಟ ಎಂದಿತು. ನಾನು ಹೆಮ್ಮೆಯಿಂದ ಅವ್ವನ ಮುಖ ನೋಡಿದರೆ ಅವಳು ಎದ್ದು ಮೂಲೆ ಸೇರಿದ್ದಳು.

"ನಿಂದರ್ಸೋ ಅದನ್ನ!"

"ಯಾಕಬೇ? ಇದಕ್ಕ ಕರೆಂಟ ಇಲ್ಲಲ್ಲ!"

"ಕರೆಂಟಿಂದ ಯಾರ ಕೇಳ್ಯಾರ? ಗಾಳ್ಯಾಗೂ ಜೀವ ಇರ್ತಾವ, ಅವಕ್ಕ ತ್ರಾಸ ಆಗಬಾರ್ದಂತ ಫ್ಯಾನ್ ಬಿಟ್ಟೇನಿ. ಕೈಲೆ ಬೀಸಿದ್ರೂ ಅಷ್ಟ. ಸಾಲ್ಯಾಗ ಹುಡುಗರಿಗೆ ಏನ ಕಲಸ್ತೀಯೋ ಯಪ್ಪಾ ನೀ?"

ಸುನಂದಾ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು. ಅವ್ವ ಒದ್ದೆ ಗೋಣಿಯನ್ನಷ್ಟೇ ಬಿಚ್ಚಿ ಕಾಲಡಿ ಹಾಸಿಕೊಂಡು ಕುಳಿತಳು. ಉಳಿದ ದಿನಗಳನ್ನೂ ಹಾಗೇ ಆರಾಮಾಗಿ ಕಳೆದಳು.

ಆ ಪ್ರಯೋಗದ ಮರುದಿನ ಮಧ್ಯಾಹ್ನ ನಾನೂ ಫ್ಯಾನಿಲ್ಲದೆ ಕುಳಿತದ್ದನ್ನು ಕಂಡು ಪಕ್ಕದ ಮನೆಯವರು, "ಅವ್ವನ ಸಂಗ್ಟ ಸರೂ ನೇಮ ಹಿಡದಾರ ನೋಡ್ರಿ," ಎಂದು ಭಕ್ತಿಯಿಂದ ಕೈಮುಗಿದರು. ನಾನು ಗಂಭೀರವಾಗಿ ತಲೆಯಾಡಿಸಿದೆ. ತಿರುಗಿ ಕೈಮುಗಿಯಲು ಆಗಲಿಲ್ಲ. ಪೆಡಲು ತಿರುಗಿಸಿ ತಿರುಗಿಸಿ ಎರಡೂ ತೋಳು ಹಿಡಿದುಕೊಂಡಿದ್ದವು, ಫ್ಯಾನಿನ ಸ್ವಿಚ್ಚಿನವರೆಗೂ ಕೈ ಏಳುತ್ತಿರಲಿಲ್ಲ.