ಮದುವೆ ಪುಟದ ಕರಡಿ

ಯೋಗೇಂದ್ರ: ಆಗಲ್ಲ ಅಂದ್ರೆ ಆಗಲ್ಲ. ಈ ಸಲ ನಾನು ಮನುಷ್ಯನಾಗೇ ಬರ್ತೀನಿ.

ಚಾಮುಂಡೇಶ್ವರಿ: ಎಲ್ಲಿಗೆ ಬೇಕಾದ್ರೂ ಮನುಷ್ಯನಾಗಿ ಬನ್ನಿ. ಪುಸ್ತಕದೊಳಗೆ ಬೇಡ.

ಯೋಗೇಂದ್ರ: ಪುಸ್ತಕ ಯಾರ ಬಗ್ಗೆ?

ಚಾಮುಂಡೇಶ್ವರಿ: ನನ್ನ ಬಗ್ಗೆ.

ಯೋಗೇಂದ್ರ: ನಿನ್ನ ಮದುವೆ ಯಾರ ಜೊತೆ ಆಯ್ತು?

ಚಾಮುಂಡೇಶ್ವರಿ: ನಿಮ್ಮ ಜೊತೆ.

ಯೋಗೇಂದ್ರ: ಮತ್ತೆ ಏಳನೇ ಪುಟದಲ್ಲಿ, ನಿನ್ನ ಪಕ್ಕ, ಹಾರ ಹಾಕ್ಕೊಂಡು ನಿಂತಿರೋನು ಯಾರು?

ಚಾಮುಂಡೇಶ್ವರಿ: (ಕನ್ನಡಕ ಒರೆಸುತ್ತ) ಕರಡಿ.

ಜಯಲಕ್ಷ್ಮಿಪುರಂನ ಆ ಮನೆಯ ಊಟದ ಮೇಜಿನ ಮೇಲೆ ಹದಿನಾರು ಚಿತ್ರಗಳು ಒಣಹಾಕಿದ ಹಪ್ಪಳದಂತೆ ಹರಡಿಕೊಂಡಿದ್ದವು. ಕಿಟಕಿಯ ಸರಳುಗಳ ನೆರಳು ಅವುಗಳ ಮೇಲೆ ಬಿದ್ದು ಪ್ರತಿ ಚಿತ್ರವೂ ಪಂಜರದೊಳಗೆ ಇದ್ದಂತೆ ಕಾಣುತ್ತಿತ್ತು. ಚಾಮುಂಡೇಶ್ವರಿ ಮಕ್ಕಳಿಗೆ ಚಿತ್ರಪುಸ್ತಕ ಬರೆಯುವವರು, ಬೇರೆಯವರು ಬರೆದದ್ದನ್ನು ತಿದ್ದುವವರು. ಈ ತಿಂಗಳು ಅವರ ನಿವೃತ್ತಿ. ಅವರ ಬದುಕಿನ ಮೇಲೇ ಒಂದು ಚಿತ್ರಪುಸ್ತಕ ತರಬೇಕೆಂದು ಪ್ರಕಾಶನದವರು ಹಟ ಹಿಡಿದಿದ್ದರು. ಬರೆಯುವ ಕೆಲಸ ಯಾರೂ ಒಪ್ಪಿಕೊಳ್ಳಲಿಲ್ಲ, ತಿದ್ದುವವರು ಅವರೇ ಆದ್ದರಿಂದ. ಕೊನೆಗೆ ಅವರೇ ಬರೆದರು, ಅವರೇ ತಿದ್ದಿದರು. ಅರ್ಧ ಬದುಕು ತಿದ್ದುಪಡಿಯಲ್ಲಿ ಹೋಯಿತು.

ಚಿತ್ರ ಬರೆಯುವ ದಿಲೀಪ ಟ್ಯಾಬನ್ನು ತೊಡೆಯ ಮೇಲಿಟ್ಟುಕೊಂಡು, ಎರಡು ದೇಶಗಳ ಗಡಿಯಲ್ಲಿ ಸಿಕ್ಕಿಕೊಂಡವನಂತೆ ಕುಳಿತಿದ್ದ.

ಯೋಗೇಂದ್ರ: ಭಾನುವಾರ ಲೈಬ್ರರಿಯಲ್ಲಿ ಬಿಡುಗಡೆ. ನನ್ನ ವರ್ಕ್‌ಶಾಪಿನ ಸ್ನೇಹಿತರೆಲ್ಲ ಬರ್ತಾರೆ. ಅಶೋಕಪುರಂನಿಂದ ಮಾಧವ ಹೆಂಡತಿನೂ ಕರ್ಕೊಂಡು ಬರ್ತಾನೆ. ಪುಸ್ತಕ ತೆಗೆದು 'ನಮ್ಮ ಯೋಗೇಂದ್ರ ಎಲ್ಲಿ' ಅಂತ ಹುಡುಕ್ತಾನೆ.

ಚಾಮುಂಡೇಶ್ವರಿ: ಸಿಗ್ತೀರಲ್ಲ.

ಯೋಗೇಂದ್ರ: ಬಾಲದ ಸಮೇತ!

ಚಾಮುಂಡೇಶ್ವರಿ: ಕರಡಿಗೆ ಬಾಲ ಅಷ್ಟಾಗಿ ಕಾಣಲ್ಲ ಕಣ್ರೀ. ಮಕ್ಕಳ ಪುಸ್ತಕ, ತಪ್ಪು ಮಾಹಿತಿ ಕೊಡಬಾರದು.

ಯೋಗೇಂದ್ರ: ನೋಡಯ್ಯ ದಿಲೀಪ, ನೀನೇ ಹೇಳು. ನಾನೇನು ಹುಟ್ತಾನೇ ಕರಡಿಯಾಗಿದ್ನಾ?

ದಿಲೀಪ: ನನಗೆ ಗೊತ್ತಿಲ್ಲ ಸರ್. ನಾನು ಕೆಲಸಕ್ಕೆ ಸೇರೋ ಹೊತ್ತಿಗಾಗಲೇ ನೀವು ಕರಡಿ ಆಗಿದ್ರಿ.

ಚಾಮುಂಡೇಶ್ವರಿ: ಮದುವೆಯಾದ ಹೊಸತು. ನಾನಾಗ ಇನ್ನೂ ಬೀಜದ ಕಂಪನಿಯ ಕ್ಯಾಲೆಂಡರಿಗೆ ಪ್ರೂಫ್ ನೋಡ್ತಿದ್ದೆ. ಬದನೆಕಾಯಿ, ಅಮಾವಾಸ್ಯೆ, ಹೀರೇಕಾಯಿ, ಏಕಾದಶಿ. ಬೇಜಾರಾಗಿ ಒಂದು ಕಥೆ ಶುರು ಮಾಡ್ದೆ. ಅದಕ್ಕೊಂದು ಪ್ರಾಣಿ ಬೇಕಿತ್ತು. ಯಾವ ಪ್ರಾಣಿ ಅಂತ ಯೋಚಿಸ್ತಾ ಕೂತಿದ್ದೆ. ಇವರು ಡ್ಯೂಟಿ ಮುಗಿಸಿ ಬಂದ್ರು. ಬಂದೋರು ಮಾತಾಡ್ಲಿಲ್ಲ. ಬಾಗಿಲ ಚೌಕಟ್ಟಿಗೆ ಬೆನ್ನು ಕೊಟ್ಟು, ಕಣ್ಮುಚ್ಕೊಂಡು, ಮೇಲೆ ಕೆಳಗೆ ಉಜ್ಜೋಕೆ ಶುರು ಮಾಡಿದ್ರು.

ಯೋಗೇಂದ್ರ: ಬೆವರುಸಾಲೆ ಕಣೇ ಅದು!

ಚಾಮುಂಡೇಶ್ವರಿ: ನಿಮಗೆ ಬೆವರುಸಾಲೆ. ನನಗೆ ಮೊದಲನೇ ಪುಸ್ತಕ.

ಯೋಗೇಂದ್ರ: ಅವತ್ತಿಂದ ನಾನು ಏನು ಮಾಡಿದ್ರೂ ಪುಸ್ತಕ! ಮಳೇಲಿ ನೆನೆದ್ರೆ 'ಕರಡಿಗೆ ಕೊಡೆ ಸಾಲದು'. ಹಲ್ಲು ನೋವು ಬಂದ್ರೆ 'ಕರಡಿ ಬಾಯಿ ತೆಗೆಯಲ್ಲ'. ಹಲ್ಲಿನ ಡಾಕ್ಟರು ಆ ಪುಸ್ತಕಾನ ಟೇಬಲ್ ಮೇಲಿಟ್ಕೊಂಡು ನನ್ನ ಬಾಯಿ ಜೊತೆ ತಾಳೆ ನೋಡಿದ್ರು ಕಣಯ್ಯ!

ದಿಲೀಪ: ಅದು ಚೆನ್ನಾಗಿ ಓಡ್ತು ಸರ್.

ಯೋಗೇಂದ್ರ: ಹೋದ ತಿಂಗಳು ಝೂಗೆ ಹೋಗಿದ್ವಿ. ಯಾವುದೋ ಶಾಲೆ ಮಕ್ಕಳು ಇವಳ ಗುರುತು ಹಿಡಿದ್ವು. ಅಷ್ಟೂ ಮಕ್ಕಳು ನಿಜವಾದ ಕರಡಿಗೆ ಬೆನ್ನು ಹಾಕಿ ನನ್ನನ್ನೇ ನೋಡ್ತಾ ನಿಂತ್ವು. ಅವುಗಳ ಟೀಚರ್ 'ಸರ್, ಒಂದ್ಸಲ ಮರಕ್ಕೆ ಉಜ್ಕೊಳ್ತೀರಾ' ಅಂತ ಕೇಳಿದ್ರು.

ಚಾಮುಂಡೇಶ್ವರಿ: ನೀವು ಉಜ್ಕೊಂಡ್ರಿ.

ಯೋಗೇಂದ್ರ: (ದನಿ ತಗ್ಗಿಸಿ) ಮಕ್ಕಳು ಕೇಳ್ದಾಗ ಇಲ್ಲ ಅನ್ನೋಕಾಗತ್ತಾ.

ಚಾಮುಂಡೇಶ್ವರಿ: ಪಾಪ, ಆ ಕರಡಿ ಬೇಜಾರು ಮಾಡ್ಕೊಂಡು ಒಳಗೆ ಹೋಗ್ಬುಡ್ತು.

ಹೊರಗೆ ಸೊಪ್ಪಿನವಳು ಕೂಗಿಕೊಂಡು ಹೋದಳು. ಯೋಗೇಂದ್ರ ಏಳನೇ ಪುಟವನ್ನು ಕೈಗೆತ್ತಿಕೊಂಡರು. ರೇಷ್ಮೆ ಸೀರೆಯ ಹುಡುಗಿ ತಲೆ ತಗ್ಗಿಸಿದ್ದಳು. ಪಕ್ಕದಲ್ಲಿ ದಪ್ಪ ಕಪ್ಪು ಕರಡಿ, ಹಾರದೊಳಗೆ ಮೂಗು ಹುದುಗಿಸಿ ಹೂವು ತಿನ್ನಲೋ ಬೇಡವೋ ಎಂದು ಯೋಚಿಸುತ್ತಿತ್ತು.

ಯೋಗೇಂದ್ರ: ನಿಮ್ಮೂರಿನವರು ನೋಡಿದ್ರೆ ಏನಂತಾರೆ? ನಮ್ಮ ಹುಡುಗಿನ ಕರಡಿಗೆ ಕೊಟ್ರು ಅಂತಾರೆ.

ಚಾಮುಂಡೇಶ್ವರಿ: ಅದನ್ನ ಅವರು ಮಂಟಪದಲ್ಲೇ ಅಂದಿದ್ರು.

ಯೋಗೇಂದ್ರ: ತಮಾಷೆ ಸಾಕು ಚಾಮು. ನಿನ್ನ ಎಲ್ಲಾ ಪುಸ್ತಕದಲ್ಲೂ ನಾನಿದ್ದೀನಿ. ಯಾವುದರಲ್ಲೂ ನಾನಿಲ್ಲ. ನಿನ್ನ ಬದುಕಿನಲ್ಲೊಬ್ಬ ಮನುಷ್ಯ ಇದ್ದ ಅಂತ ಒಂದೇ ಒಂದು ಕಡೆ ಕಂಡ್ರೆ ಸಾಕು ನನಗೆ.

ಚಾಮುಂಡೇಶ್ವರಿ ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದರು. ಆಮೇಲೆ ಸಂಪಾದಕಿ ಅದನ್ನು ಹಾಕಿಕೊಂಡರು.

ಚಾಮುಂಡೇಶ್ವರಿ: ಸರಿ. ಮನುಷ್ಯನಾಗಿ ಆ ಪುಟದಲ್ಲಿ ನೀವೇನು ಮಾಡ್ತೀರಿ?

ಯೋಗೇಂದ್ರ: ಮದುವೆ ಆಗ್ತೀನಿ.

ಚಾಮುಂಡೇಶ್ವರಿ: ಅದನ್ನ ಎಲ್ಲರೂ ಮಾಡ್ತಾರೆ. ಕರಡಿ ಮದುವೆಯಾದ್ರೆ ಮುಂದೇನಾಗತ್ತೆ ಅಂತ ಮಗು ಪುಟ ತಿರುಗಿಸತ್ತೆ. ಮನುಷ್ಯ ಮದುವೆಯಾದ್ರೆ ಮುಂದೇನಾಗತ್ತೆ ಅಂತ ಮಗುವಿಗೂ ಗೊತ್ತು.

ಯೋಗೇಂದ್ರ: ನಮ್ಮಮ್ಮನ್ನೂ ತೆಗೆದ್ಬುಟ್ಟಿದ್ದೀಯ. ಅದನ್ನೂ ನೋಡ್ದೆ.

ಚಾಮುಂಡೇಶ್ವರಿ: ಪುಟ ಇರೋದು ಹದಿನಾರು. ಅತ್ತೆ ಬಂದ್ರೆ ಇಪ್ಪತ್ನಾಲ್ಕಕ್ಕೆ ಹೋಗತ್ತೆ.

ದಿಲೀಪ: ಮೇಡಂ, ಒಂದ್ಸಲ ಪ್ರಯತ್ನ ಮಾಡಿ ನೋಡೋಣ್ವಾ? ಸಂಜೆ ಸಿಂಚನ ಬರ್ತಾಳಲ್ಲ.

ಸಿಂಚನ ಎದುರುಮನೆಯ ಸುಮಾಳ ಮಗಳು, ಐದು ವರ್ಷ. ಅಚ್ಚಿಗೆ ಹೋಗುವ ಮುನ್ನ ಪ್ರತಿ ಪುಸ್ತಕವನ್ನೂ ಒಂದು ಮಗುವಿಗೆ ಓದಿ ತೋರಿಸುವುದು ಚಾಮುಂಡೇಶ್ವರಿಯ ಪದ್ಧತಿ. ಓದುವಾಗ ಅವರು ಮಗುವಿನ ಮುಖ ನೋಡುವುದಿಲ್ಲ, ಕೈ ನೋಡುತ್ತಾರೆ. ಪುಟ ತಿರುಗಿಸಲು ಕೈ ತಾನಾಗಿ ಮುಂದೆ ಬಂದರೆ ಆ ಪುಟ ಉಳಿಯಿತು. ಮಗು ತಲೆಯೆತ್ತಿ ಫ್ಯಾನ್ ನೋಡಿದರೆ ಆ ಪುಟ ಹೋಯಿತು. ಒಮ್ಮೆ ದೊಡ್ಡ ಕವಿಯೊಬ್ಬರ ಇಡೀ ಪುಸ್ತಕ ಹೀಗೆ ಫ್ಯಾನಿಗೆ ಬಲಿಯಾಗಿತ್ತು.

ಚಾಮುಂಡೇಶ್ವರಿ: ಆಯ್ತು. ಅವಳ ಕೈ ಹೇಳಿದ ಹಾಗೆ. ಆಮೇಲೆ ನೀವು ಮಾತಾಡೋ ಹಾಗಿಲ್ಲ.

ಯೋಗೇಂದ್ರ: ನೀನೂ ಮಾತಾಡೋ ಹಾಗಿಲ್ಲ.

ಯೋಗೇಂದ್ರ ಒಳಗೆ ಹೋಗಿ ಮದುವೆಯ ಕೋಟು ಹಾಕಿಕೊಂಡು ಬಂದರು. ಅದರ ಗುಂಡಿಗೂ ಕಾಜಕ್ಕೂ ಈಗ ದೂರದ ಸಂಬಂಧ. ಉಸಿರು ಬಿಗಿಹಿಡಿದು ಕುರ್ಚಿಯ ಮೇಲೆ ಕುಳಿತರು. ದಿಲೀಪ ಗೀಚತೊಡಗಿದ.

ಯೋಗೇಂದ್ರ: ಎಲ್ಲಿ ತೋರ್ಸು... ಇದೇನಯ್ಯ, ಕಿವಿ ತಲೆ ಮೇಲಿದೆ!

ದಿಲೀಪ: ಕೈ ಅಭ್ಯಾಸ ಸರ್. ತೆಗೀತೀನಿ.

ಯೋಗೇಂದ್ರ: ಈಗ ಬೋಳುತಲೆ ಕರಡಿ ಆಯ್ತು.

ದಿಲೀಪ: ಬೇರೆ ಮನುಷ್ಯರನ್ನೆಲ್ಲ ಬರೀತೀನಿ ಸರ್. ನಿಮ್ಮನ್ನ ನೋಡಿದ್ ತಕ್ಷಣ ಕೈ ತಾನಾಗೇ ರೋಮ ಬರೆಯತ್ತೆ. ಮದುವೆ ಫೋಟೋ ಇದ್ಯಾ?

ಚಾಮುಂಡೇಶ್ವರಿ: ಇದೆ. ಬಾಸಿಂಗ, ಹಾರ, ಪೇಟ. ನಡುವೆ ಮೂಗೊಂದು ಕಾಣತ್ತೆ. ನಾನೂ ಧಾರೆ ಮುಗಿಯೋವರೆಗೆ ಆ ಮೂಗಿನ ನಂಬಿಕೆ ಮೇಲೇ ಕೂತಿದ್ದೆ.

ದಿಲೀಪ: ಸ್ವಲ್ಪ ನಗಿ ಸರ್.

ಯೋಗೇಂದ್ರ: ಉಸಿರು ಬಿಟ್ರೆ ಗುಂಡಿ ಹಾರತ್ತೆ ಕಣೋ.

ಗುಂಡಿ ಹಾರಿತು. ಹಾರಿ ಸಕ್ಕರೆ ಡಬ್ಬದ ಮೇಲೆ ಟಣ್ ಎಂದಿತು. ಯೋಗೇಂದ್ರ ಗಾಬರಿಯಾಗಿ ಹೆಂಡತಿಯ ಕಡೆ ನೋಡಿದರು. ಬೈಗುಳಕ್ಕೆ ಕಾಯುವ, ಅರ್ಧ ನಗುವ ಆ ನೋಟವನ್ನು ದಿಲೀಪ ಹಿಡಿದುಬಿಟ್ಟ. ಒಮ್ಮೆ ಮುಖ ಸಿಕ್ಕಮೇಲೆ ಏಳನೇ ಪುಟದಿಂದ ಕೊನೆಯವರೆಗೆ, ಕರಡಿ ಇದ್ದಲ್ಲೆಲ್ಲ ಮನುಷ್ಯನನ್ನು ಕೂರಿಸಿ, ಮಧ್ಯಾಹ್ನ ಹೋಗಿ ಪ್ರಿಂಟ್ ತೆಗೆಸಿಕೊಂಡು ಬಂದ. ಭಂಗಿಗಳನ್ನು ಬದಲಿಸಲು ಸಮಯವಿರಲಿಲ್ಲ.

ಸಂಜೆ ಸಿಂಚನ ಬಂದು ಚಾಪೆಯ ಮೇಲೆ ಕುಳಿತಳು. ಚಾಮುಂಡೇಶ್ವರಿ ಓದಿದರು. ಹುಟ್ಟಿದ್ದು, ಓದಿದ್ದು, ಕ್ಯಾಲೆಂಡರು. ಪುಟ್ಟ ಕೈ ಗಾಳಿಪಟದ ಬಾಲದಂತೆ ಸರಸರ ಮುಂದೆ ಬರುತ್ತಿತ್ತು. ಏಳನೇ ಪುಟಕ್ಕೆ ಬಂದು ನಿಂತಿತು.

ಸಿಂಚನ: ಈ ಅಂಕಲ್ ಯಾರು?

ಯೋಗೇಂದ್ರ: ನಾನು ಕಣಮ್ಮ.

ಸಿಂಚನ: ನೀವು ಕರಡಿ ತಾತ. ಇವರು ಯಾರು?

ಯೋಗೇಂದ್ರ: ನಾನೇ! ಮೀಸೆ ನೋಡು, ಕೋಟು ನೋಡು.

ಸಿಂಚನ: ಇವರ್ಯಾಕೆ ಕರಡಿ ಜಾಗದಲ್ಲಿ ನಿಂತಿದ್ದಾರೆ?

ಅವಳೇ ಮುಂದಿನ ಪುಟ ತಿರುಗಿಸಿದಳು, ಕಥೆಗಲ್ಲ, ಹುಡುಕಲು. ಒಂಬತ್ತನೇ ಪುಟದಲ್ಲಿ ಕೋಟು ತೊಟ್ಟ ಗೃಹಸ್ಥರೊಬ್ಬರು ಕಣ್ಣುಮುಚ್ಚಿ ಮರಕ್ಕೆ ಬೆನ್ನು ಉಜ್ಜುತ್ತಿದ್ದರು.

ಸಿಂಚನ: ಇವರಿಗೆ ಏನಾಗಿದೆ?

ಯೋಗೇಂದ್ರ: ಏನೂ ಆಗಿಲ್ಲ... ಬೆವರುಸಾಲೆ.

ಹನ್ನೊಂದರಲ್ಲಿ ಅದೇ ಗೃಹಸ್ಥರು ಜೇನಿನ ಮಡಕೆಯೊಳಗೆ ಮುಖ ಹಾಕಿದ್ದರು. ಸಿಂಚನ ತಲೆಯೆತ್ತಿ ಫ್ಯಾನ್ ನೋಡಿದಳು. ಆಮೇಲೆ ಫ್ಯಾನ್ ನೋಡುತ್ತಲೇ ಅವಳ ತುಟಿ ನಡುಗಿತು.

ಸಿಂಚನ: ಇವರು ಕರಡೀನ ಓಡಿಸ್ಬುಟ್ರು. ಅದರ ಮದುವೇನೂ ತಗೊಂಡ್ರು. ಜೇನೂ ತಗೊಂಡ್ರು.

ಅಳು ಜೋರಾಯಿತು. ಎದುರುಮನೆಯ ಬಾಗಿಲು ತೆರೆದ ಸದ್ದು ಕೇಳಿತು.

ಯೋಗೇಂದ್ರ: ಅಯ್ಯೋ, ಇಲ್ಲ ಪುಟ್ಟಿ, ಅದು ಬರತ್ತೆ, ಇಲ್ಲೇ ಎಲ್ಲೋ ಹೋಗಿದೆ... ಏ ದಿಲೀಪ, ಹಾಕಯ್ಯ ಕರಡೀನ! ಕೂದಲು ಹಾಕು! ಕಿವಿ ಮೇಲೆ ಇಡು! ಆ ಮನುಷ್ಯನ ಮುಖ ನನಗೇ ನೋಡೋಕಾಗ್ತಿಲ್ಲ, ಕಳ್ಳನ ಹಾಗಿದ್ದಾನೆ.

ಚಾಮುಂಡೇಶ್ವರಿ: ಬೇಡ.

ಯೋಗೇಂದ್ರ: ಏನು ಬೇಡ?

ಚಾಮುಂಡೇಶ್ವರಿ: ಏಳನೇ ಪುಟ ಮುಟ್ಟಬೇಡ ದಿಲೀಪ. ಮನುಷ್ಯ ಇರ್ಲಿ.

ಅವರು ಆ ಪುಟವನ್ನು ಯಾವಾಗಲೋ ಬೇರ್ಪಡಿಸಿ ಮಡಿಲಲ್ಲಿ ಇಟ್ಟುಕೊಂಡಿದ್ದರು. ಗುಂಡಿ ಹಾರಿದ ಕೋಟು, ಬೈಗುಳಕ್ಕೆ ಕಾಯುವ ಮುಖ. ಅದರ ಮೇಲೆ ಅವರ ಹೆಬ್ಬೆರಳು ನಿಧಾನವಾಗಿ ಆಡುತ್ತಿತ್ತು.

ಯೋಗೇಂದ್ರ: ಚಾಮು, ನೀನು ಸಂಪಾದಕಿ! ಮಗು ಫ್ಯಾನ್ ನೋಡ್ತು!

ಚಾಮುಂಡೇಶ್ವರಿ: ನೋಡ್ಲಿ. ಚೆನ್ನಾಗಿರೋ ಫ್ಯಾನು.

ಯೋಗೇಂದ್ರ: ಕವಿಗೊಂದು ನ್ಯಾಯ, ಗಂಡನಿಗೊಂದು ನ್ಯಾಯಾನಾ? ಬೆಳಿಗ್ಗೆ ಏನಂದೆ? ಅವಳ ಕೈ ಹೇಳಿದ ಹಾಗೆ ಅಂದೆ.

ಚಾಮುಂಡೇಶ್ವರಿ: ಆ ಕವಿ ಜೊತೆ ನಾನು ಸಂಸಾರ ಮಾಡಿಲ್ಲ.

ದಿಲೀಪ: (ಅಳುಮೋರೆಯಲ್ಲಿ) ಸರ್, ಕಿವಿ ಮೇಲಾ, ಪಕ್ಕಕ್ಕಾ? ಯಾರಾದ್ರೂ ಒಬ್ಬರು ಹೇಳಿ.

ಯೋಗೇಂದ್ರ: ಕರಡಿ!

ಚಾಮುಂಡೇಶ್ವರಿ: ಮನುಷ್ಯ!

ಜಗಳ ಬೆಳಗಿನದೇ, ಜಗಳವಾಡುವವರು ಜಾಗ ಬದಲಿಸಿಕೊಂಡಿದ್ದರು, ಅಷ್ಟೆ. ಅವರ ಗಲಾಟೆಯಲ್ಲಿ ಸಿಂಚನ ಅಳು ನಿಲ್ಲಿಸಿ, ಮೇಜಿನ ಮೇಲಿದ್ದ ಬೆಳಗಿನ ಚಿತ್ರಗಳನ್ನು ಎಳೆದುಕೊಂಡಳು. ಚಾಮುಂಡೇಶ್ವರಿಯ ಮಡಿಲಿನಿಂದ ಏಳನೇ ಪುಟ ಕಿತ್ತುಕೊಂಡು ಮೇಲಿಟ್ಟಳು, ಅದರ ಕೆಳಗೆ ಕರಡಿಯಿದ್ದ ಹಳೆಯ ಎಂಟನೇ ಪುಟ. ತಿರುಗಿಸಿದಳು. ಕಿಲಕಿಲ ನಕ್ಕಳು. ಮತ್ತೆ ಹಿಂದಕ್ಕೆ, ಮತ್ತೆ ಮುಂದಕ್ಕೆ. ಆ ಪುಟ್ಟ ಕೈ ನಿಲ್ಲಲೇ ಇಲ್ಲ.

ಸಿಂಚನ: ಅಂಕಲ್... ಮದುವೆ ಆಯ್ತು... ಕರಡಿ! ಅಂಕಲ್... ಮದುವೆ ಆಯ್ತು... ಕರಡಿ!

ಮೂವರೂ ಆ ಕೈಯನ್ನೇ ನೋಡುತ್ತ ನಿಂತರು. ದಿಲೀಪ ಮೆಲ್ಲಗೆ ಟ್ಯಾಬ್ ಮುಚ್ಚಿದ.

ಯೋಗೇಂದ್ರ: ಏಳರಲ್ಲಿ ಮನುಷ್ಯ, ಎಂಟರಲ್ಲಿ ಕರಡಿ. ಇದನ್ನ ಯಾರಾದ್ರೂ ನಂಬ್ತಾರೇನೇ?

ಚಾಮುಂಡೇಶ್ವರಿ: ಕಥೆ ಅಂತ ಮಕ್ಕಳು ನಂಬ್ತವೆ. ಜೀವನಚರಿತ್ರೆ ಅಂತ ಅವರ ಅಮ್ಮಂದಿರು ನಂಬ್ತಾರೆ.